ಅಪ್ಪಯ್ಯಾ, ಇಲ್ಲಿ ಯಾವ ಪೊಲೀಸರೂ ಬಂದಿಲ್ಲ

ಮಿಲ್ವಾಕಿ
16 ನವೆಂಬರ್ 2025

ತೀರ್ಥರೂಪ ಅಪ್ಪಯ್ಯನಿಗೆ, ಆಯಿಗೆ ನಮಸ್ಕಾರಗಳು. ಅಮ್ಮಮ್ಮನಿಗೂ ತಿಳಿಸಿ. ನಾನು ಕ್ಷೇಮ.

ಆಯಿ ಬರೆದ ಕಾಗದದ ನಾಲ್ಕೂ ಪುಟವನ್ನು ತಮ್ಮ ಫೋಟೋ ತೆಗೆದು ಕಳಿಸಿದ್ದಾನೆ. ಆಫೀಸಿನಲ್ಲಿ ಒಮ್ಮೆ ಓದಿದೆ, ಮನೆಗೆ ಬಂದು ಮತ್ತೆ ಓದಿದೆ. ಅಪ್ಪಯ್ಯಾ, ನಾನು ಅಮೆರಿಕದಲ್ಲಿ ಕ್ರಾಂತಿ ಮಾಡಿ ಅರಸನನ್ನು ಇಳಿಸಿ ಜೈಲು ಸೇರಿದ್ದೇನೆ ಎಂಬ ಸುದ್ದಿ ಕೇಳಿ ನೀನು ಎಂಟು ದಿನದಿಂದ ಸರಿಯಾಗಿ ಉಣ್ಣುತ್ತಿಲ್ಲವಂತೆ. ರಾತ್ರಿ ಹನ್ನೆರಡಾದರೂ ಜಗಲಿಯಲ್ಲೇ ಕೂತಿರುತ್ತೀಯಂತೆ. ಹುಬ್ಬಳ್ಳಿಯ ಡಾಕ್ಟರು ಆಂಜಿಯೋಗ್ರಾಮ್‌ಗೆ ಕೊಟ್ಟ ದಿನವನ್ನು ಅಡಕೆ ಕೊನೆ ಕೊಯ್ಲು ಮುಗಿದ ಮೇಲೆ ನೋಡೋಣ ಎಂದು ಮುಂದೆ ಹಾಕಿದೆಯಂತೆ. "ಕೂಸು ಅಲ್ಲಿ ಜೈಲಿಗೆ ಹೋದರೆ ನನ್ನ ಎದೆ ತೋರಿಸಿಕೊಂಡು ಏನು ಮಾಡಲಿ" ಎಂದು ಹೇಳಿದೆಯಂತೆ. ಈ ಸಾಲು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು "ಹೂಂ, ಆಯಿಗೆ ಕೊಡ್ತೇನೆ" ಎಂದು ಎರಡೇ ಮಾತಿಗೆ ಮುಗಿಸುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಆಯಿ, ಇದನ್ನು ಅಪ್ಪಯ್ಯನಿಗೆ ಗಟ್ಟಿಯಾಗಿ ಓದಿ ಹೇಳು. ಮಧ್ಯ ಬಿಡಬೇಡ.

ಕ್ರಾಂತಿ ಮಾಡಿದ್ದು ನಿಜ. ರಾಜನನ್ನು ಇಳಿಸಿದ್ದೂ ನಿಜ. ಆದರೆ ಆ ರಾಜ್ಯ ಅಮೆರಿಕದಲ್ಲಿ ಇಲ್ಲ, ಯಾವ ನಕಾಶೆಯಲ್ಲೂ ಇಲ್ಲ. ಸುಮಾರು ಅರವತ್ತು ಜನ ಸೇರಿ ಕಂಪ್ಯೂಟರಿನಲ್ಲಿ ಬರೆದು ಬರೆದು ಕಟ್ಟಿದ ರಾಜ್ಯ ಅದು. ಒಬ್ಬ ರಾಜ, ಒಬ್ಬಳು ಸೇನಾಪತಿ, ಒಬ್ಬ ಬಡಗಿ, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಪಾತ್ರ. ನಾನು ಬಂದರಿನ ಸುಂಕದ ಕಟ್ಟೆಯಲ್ಲಿ ಲೆಕ್ಕ ಬರೆಯುವವಳು. ಡಿಸ್ಕಾರ್ಡ್ ಎಂಬ ಆ್ಯಪ್‌ನಲ್ಲಿ ನಮ್ಮ ರಾಜ್ಯ ಇದೆ. ಸಂಜೆ ಬಿಡುವಾದಾಗ ಬಂದು ತಂತಮ್ಮ ಪಾತ್ರದ ಮಾತನ್ನು ಬರೆಯುತ್ತೇವೆ. ಅಷ್ಟೇ.

ಇದು ನಿನಗೆ ಗೊತ್ತಿಲ್ಲದ ವಿದ್ಯೆ ಅಲ್ಲ. ತಾಳಮದ್ದಲೆಯಲ್ಲಿ ನೀನು ಮಾಡುವುದೂ ಇದನ್ನೇ ಅಲ್ವಾ? ಬಣ್ಣ ಇಲ್ಲ, ಕಿರೀಟ ಇಲ್ಲ, ಪಂಚೆ ಶಲ್ಯದಲ್ಲೇ ಕೂತು ಕೌರವನಾಗುತ್ತೀಯ. ಭಾಗವತರು ಪದ್ಯ ಹೇಳುತ್ತಾರೆ, ಅರ್ಥ ನೀನೇ ಆ ಕ್ಷಣಕ್ಕೆ ಕಟ್ಟಬೇಕು. ನಮ್ಮ ಮನೆಯ ಅಂಗಳದಲ್ಲಿ ಆದ ಕೂಟ ನನಗೆ ಇನ್ನೂ ನೆನಪಿದೆ. ನಾನಾಗ ಏಳನೇ ಕ್ಲಾಸು. ಸೂಜಿಮೊನೆಯಷ್ಟು ಜಾಗವನ್ನೂ ಕೊಡುವುದಿಲ್ಲ ಎಂದು ನೀನು ಕೃಷ್ಣನ ಮೇಲೆ ಕೂಗಿದ್ದು ನೋಡಿ ನಾನು ಹೆದರಿ ಆಯಿಯ ಸೆರಗು ಹಿಡಿದಿದ್ದೆ. ಬೆಳಿಗ್ಗೆ ನೋಡಿದರೆ ಅದೇ ಕೃಷ್ಣನ ಅರ್ಥ ಹೇಳಿದವರ ತಟ್ಟೆಗೆ ನೀನೇ ಅವಲಕ್ಕಿ ಬಡಿಸುತ್ತಿದ್ದೆ. ನಮ್ಮಲ್ಲೂ ಅದೇ ನಿಯಮ. ಪಾತ್ರದ ಮಾತು ಬೇರೆ, ಪಾತ್ರದ ಹೊರಗಿನ ಮಾತು ಬೇರೆ. ಎರಡಕ್ಕೂ ಬೇರೆ ಬೇರೆ ಕೋಣೆಗಳನ್ನೇ ಇಟ್ಟುಕೊಂಡಿದ್ದೇವೆ. ಪಾತ್ರದ ಜಗಳವನ್ನು ಹೊರಗೆ ತರುವ ಹಾಗಿಲ್ಲ, ಹೊರಗಿನ ಸಿಟ್ಟನ್ನು ಪಾತ್ರದಲ್ಲಿ ತೀರಿಸಿಕೊಳ್ಳುವ ಹಾಗೂ ಇಲ್ಲ.

ಇದಕ್ಕೆ ಯಾಕೆ ಸೇರಿದೆ ಎಂದು ಕೇಳಬಹುದು. ಇಲ್ಲಿಗೆ ಬಂದ ಮೊದಲ ಚಳಿಗಾಲ ನೆನೆಸಿಕೊ. ಡಿಸೆಂಬರಿನಲ್ಲಿ ಇಲ್ಲಿ ನಾಲ್ಕೂಕಾಲಿಗೆಲ್ಲ ಹೊತ್ತು ಮುಳುಗುತ್ತದೆ. ಆಫೀಸಿನಿಂದ ಕತ್ತಲಲ್ಲೇ ಬರಬೇಕು. ನಿಮಗೆ ಆಗ ಬೆಳಗಿನ ಜಾವ, ಫೋನೂ ಮಾಡುವ ಹಾಗಿಲ್ಲ. ಒಂದು ಮಾತು ಆಡದೆ ಮಲಗಿದ ದಿನಗಳಿದ್ದವು. ಆಗ ಈ ಅರವತ್ತು ಜನ ನನಗೆ ಊರಾದರು. ಒಬ್ಬಳು ಪೋರ್ಚುಗಲ್‌ನವಳು, ಒಬ್ಬ ಫಿಲಿಪೀನ್ಸ್‌ನವನು, ಇಲ್ಲಿಯವರೇ ಹದಿನೈದು ಇಪ್ಪತ್ತು ಜನ. ನನಗೆ ಜ್ವರ ಬಂದಾಗ ದಿನಾ ವಿಚಾರಿಸಿದವರು ಇವರೇ. ನಿಮಗೆ ಹೆದರಿಕೆ ಆಗುತ್ತದೆಂದು ಆ ಜ್ವರದ ವಿಷಯ ಹೇಳಿರಲಿಲ್ಲ. ಈಗ ಪೂರ್ತಿ ಗುಣವಾಗಿದೆ, ಹೋದ ವರ್ಷದ ಮಾತು.

ಇನ್ನು ಕ್ರಾಂತಿಯ ವಿಷಯ. ನಮ್ಮ ರಾಜನ ಪಾತ್ರ ಮಾಡುವವನೇ ಆ ಜಾಗವನ್ನು ಐದು ವರ್ಷದ ಹಿಂದೆ ಕಟ್ಟಿದವನು. ಮಾಲೀಕತ್ವವೂ ಅವನ ಕೈಯಲ್ಲೇ. ಡಿಸ್ಕಾರ್ಡ್‌ನಲ್ಲಿ ಮಾಲೀಕನ ಹೆಸರಿನ ಪಕ್ಕ ನಿಜಕ್ಕೂ ಒಂದು ಸಣ್ಣ ಕಿರೀಟದ ಗುರುತು ಇರುತ್ತದೆ. ಅವನು ಮನಸ್ಸು ಮಾಡಿದರೆ ಒಂದೇ ಗಳಿಗೆಯಲ್ಲಿ ಎಲ್ಲವನ್ನೂ ಅಳಿಸಿ ಹಾಕಬಹುದು, ನಾವು ಬರೆದ ಐದು ವರ್ಷದ ಕತೆ ಪೂರ್ತಿ ಹೋಗುತ್ತದೆ. ಮಂತ್ರಿಗಳ ಚುನಾವಣೆ ಮೂರು ಸಲ ಮುಂದೆ ಹೋಯಿತು. ಪ್ರಶ್ನೆ ಕೇಳಿದ ಇಬ್ಬರನ್ನು ಹೊರಗೆ ಹಾಕಿದರು. ಹೊಸಬರು ಬರೆದದ್ದಕ್ಕೆ ಬೆಲೆ ಇರಲಿಲ್ಲ. ಜನ ಒಬ್ಬೊಬ್ಬರಾಗಿ ಸದ್ದಿಲ್ಲದೆ ಬಿಟ್ಟು ಹೋಗತೊಡಗಿದರು. ನನಗೆ ನಿಜವಾಗಿ ಸಂಕಟವಾಯಿತು. ಊರು ಖಾಲಿಯಾಗುವುದನ್ನು ನಾವು ಅಲ್ಲೇ ನೋಡಿದ್ದೇವೆ, ನಮ್ಮ ಕೇರಿಯಲ್ಲೇ ಎಷ್ಟು ಮನೆ ಬಾಗಿಲು ಹಾಕಿವೆ ಹೇಳು.

ಕೆಲವರು ಕೈಗೆ ಸಿಕ್ಕ ಅಧಿಕಾರ ಬಳಸಿ ರಾತ್ರೋರಾತ್ರಿ ಎಲ್ಲ ಹಿಡಿದುಕೊಳ್ಳೋಣ ಎಂದರು. ಇಂಥ ಆಟಗಳಲ್ಲಿ ಅದು ಬಹಳ ಸಲ ಆಗಿದೆ. ನಾನು ಒಪ್ಪಲಿಲ್ಲ. ಅದು ಕಳ್ಳತನ. ನಮ್ಮ ಸಿದ್ದಾಪುರದ ಕಡೆ 1932ರಲ್ಲಿ ಏನು ಮಾಡಿದ್ದರು ಎಂದು ಅವರಿಗೆ ಹೇಳಿದೆ. ಬ್ರಿಟಿಷ್ ಸರ್ಕಾರಕ್ಕೆ ಕರ ಕೊಡಲಿಲ್ಲ, ಗದ್ದೆ ತೋಟ ಜಪ್ತಿಯಾದರೂ ಕೊಡಲಿಲ್ಲ. ಜಪ್ತಿಯಾದದ್ದನ್ನು ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು. ಅಮ್ಮಮ್ಮ ತನ್ನ ಆಯಿಯಿಂದ ಕೇಳಿದ್ದನ್ನು ನನಗೆ ಹೇಳಿದ್ದಳು, ನಾನು ಅದನ್ನು ಇಂಗ್ಲಿಷಿನಲ್ಲಿ ಬರೆದೆ. ಆ ಸತ್ಯಾಗ್ರಹದ ನೆನಪಿನ ಮಾವಿನಗುಂಡಿಯ ಸ್ಮಾರಕದ ಫೋಟೋ ಹಾಕಿದೆ. ಪೋರ್ಚುಗಲ್‌ನವಳು ಎರಡು ದಿನ ಅದನ್ನೇ ಮಾತಾಡಿದಳು. ಅಮ್ಮಮ್ಮನಿಗೆ ಇದನ್ನು ತಪ್ಪದೆ ಹೇಳಿ.

ಮೊದಲು ಪಾತ್ರದ ಹೊರಗಿನ ಕೋಣೆಯಲ್ಲಿ ಎಲ್ಲರನ್ನೂ ಕೇಳಿದೆವು. ಹೀಗೊಂದು ಕತೆ ನಡೆಸುತ್ತೇವೆ, ಬೇಡ ಎನ್ನುವವರು ಹೇಳಿ ಎಂದು. ರಾಜನ ಪಾತ್ರದವನಿಗೂ ನಾನೇ ಬರೆದೆ. ಐದು ವರ್ಷದ ಬರಹವನ್ನು ಇಳಿಸಿಕೊಂಡು ಮೂರು ಜನರ ಹತ್ತಿರ ಪ್ರತಿ ಇಟ್ಟೆವು. ಆಮೇಲೆ ಒಂದು ಶನಿವಾರ ನನ್ನ ಪಾತ್ರದ ಹೆಂಗಸು ಸುಂಕದ ಕಟ್ಟೆಯಲ್ಲಿ ಲೆಕ್ಕದ ಪುಸ್ತಕ ಮುಚ್ಚಿದಳು. ಇನ್ನು ಬರೆಯುವುದಿಲ್ಲ ಎಂದಳು. ಬಡಗಿ ಸುಂಕ ಕೊಡಲಿಲ್ಲ. ಮೀನುಗಾರರು ಕೊಡಲಿಲ್ಲ. ಸೇನಾಪತಿ ಕತ್ತಿಯನ್ನು ಒರೆಯಿಂದ ತೆಗೆಯಲೇ ಇಲ್ಲ. ಒಂಬತ್ತು ದಿನ ನಡೆಯಿತು. ಒಂದು ತಲೆಯೂ ಉರುಳಲಿಲ್ಲ, ಕತೆಯಲ್ಲೂ ಉರುಳಲಿಲ್ಲ.

ಒಂದು ತಪ್ಪು ಆಯಿತು, ಅದನ್ನೂ ಹೇಳುತ್ತೇನೆ. ಹೊಸದಾಗಿ ಬಂದಿದ್ದ ಒಬ್ಬಳು ಹೊರಗಿನ ಕೋಣೆಯ ಮಾತು ಓದಿರಲಿಲ್ಲ. ಎಲ್ಲರೂ ಸೇರಿ ಒಬ್ಬ ಮನುಷ್ಯನನ್ನು ಓಡಿಸುತ್ತಿದ್ದಾರೆ ಎಂದು ತಿಳಿದು ಅತ್ತಳು. ಕೇಳಿ ನನ್ನ ಕೈಕಾಲು ತಣ್ಣಗಾಯಿತು. ಆಟ ನಿಲ್ಲಿಸಿ ಅವಳ ಹತ್ತಿರ ಒಂದು ತಾಸು ಮಾತಾಡಿ ಕ್ಷಮೆ ಕೇಳಿದೆ. ಮುಂಚೆಯೇ ಒಬ್ಬೊಬ್ಬರನ್ನೂ ಕೇಳಬೇಕಿತ್ತು.

ಕೊನೆಯ ದಿನ ರಾಜ ಸಭೆಗೆ ಬಂದು ಕಿರೀಟ ಕೆಳಗಿಟ್ಟ. ಆ ಮಾತನ್ನು ಅವನು ಎಷ್ಟು ಚೆನ್ನಾಗಿ ಬರೆದ ಎಂದರೆ ನಾನು ಅತ್ತುಬಿಟ್ಟೆ. ಆಮೇಲೆ ಹೊರಗಿನ ಕೋಣೆಗೆ ಬಂದು ಹೇಳಿದ, ಮಗು ಹುಟ್ಟಿ ಏಳು ತಿಂಗಳಾಯಿತು, ನಿದ್ದೆ ಇಲ್ಲ, ನಡೆಸಲೂ ಆಗುತ್ತಿಲ್ಲ, ಬಿಡಲೂ ಮನಸ್ಸಿರಲಿಲ್ಲ ಎಂದು. ನಮಗೆ ಯಾರಿಗೂ ಗೊತ್ತಿರಲಿಲ್ಲ. ಈಗ ಮಾಲೀಕತ್ವವನ್ನು ಪೋರ್ಚುಗಲ್‌ನವಳಿಗೆ ವರ್ಗಾಯಿಸಿದ್ದಾನೆ. ಆರು ತಿಂಗಳಿಗೊಮ್ಮೆ ಚುನಾವಣೆ. ಅವನೂ ಇದ್ದಾನೆ, ಈಗ ದೀಪಸ್ತಂಭದ ಕಾವಲುಗಾರನ ಪಾತ್ರ. ಬಿಟ್ಟುಹೋದವರಲ್ಲಿ ಹನ್ನೊಂದು ಜನ ವಾಪಸು ಬಂದರು.

ಆ ಖುಷಿಗೆ "ಕ್ರಾಂತಿ ಗೆದ್ದಿತು, ಅರಸ ಇಳಿದ" ಎಂದು ಸ್ಟೇಟಸ್ ಹಾಕಿದೆ. ಬೆಂಗಳೂರಿನ ಚಿಕ್ಕಪ್ಪನ ಮಗ ನೋಡಿ ಊರಿಗೆ ಹೇಳಿದ. ಅದು ಮದುವೆಮನೆ, ಸೊಸೈಟಿ ಎಲ್ಲ ಸುತ್ತಿ ನಿನ್ನ ಕಿವಿಗೆ ಬರುವ ಹೊತ್ತಿಗೆ ನಾನು ಜೈಲಿನಲ್ಲಿದ್ದೆ. ಅವನಿಗೆ ಬೈಯಬೇಡಿ, ನಾನು ಬಿಡಿಸಿ ಬರೆಯಬೇಕಿತ್ತು.

ವೀಸಾಕ್ಕೆ ಏನೂ ಆಗಿಲ್ಲ. ಕೆಲಸಕ್ಕೆ ಏನೂ ಆಗಿಲ್ಲ. ಪೊಲೀಸರು ಯಾಕೆ ಬರುತ್ತಾರೆ? ನಾನಿರುವ ಈ ಊರಿನಲ್ಲೇ ಹದಿನಾಲ್ಕು ವರ್ಷದ ಹುಡುಗನೊಬ್ಬ 1979ರ ಡಿಸೆಂಬರ್ 26ರಂದು ತನ್ನ ಮಲಗುವ ಕೋಣೆಯನ್ನೇ ಸ್ವತಂತ್ರ ರಾಜ್ಯ ಎಂದು ಸಾರಿದ್ದ. ರಾಬರ್ಟ್ ಮ್ಯಾಡಿಸನ್ ಎಂದು ಹೆಸರು, ರಾಜ್ಯದ ಹೆಸರು ತಾಲೋಸಾ. ಅದಕ್ಕೊಂದು ಭಾಷೆಯನ್ನೂ ಮಾಡಿದ. ತೊಂಬತ್ತರ ದಶಕದಲ್ಲಿ ಇಂಟರ್ನೆಟ್ಟಿಗೆ ತಂದ ಮೇಲೆ ಬೇರೆ ಬೇರೆ ಕಡೆಯವರು ಪ್ರಜೆಗಳಾದರು. 2004ರಲ್ಲಿ ಒಂದು ಗುಂಪು ರಾಜನ ಮೇಲೆ ಸಿಟ್ಟಾಗಿ ಒಡೆದು ಗಣರಾಜ್ಯ ಮಾಡಿಕೊಂಡಿತು. ಮರುವರ್ಷ ರಾಜ ಪಟ್ಟ ಬಿಟ್ಟ. 2012ರಲ್ಲಿ ಎರಡೂ ಮತ್ತೆ ಒಂದಾದವು. ಅದು ಈಗಲೂ ಇದೆ. ಐಸ್‌ಲ್ಯಾಂಡಿನ ಕಂಪನಿಯೊಂದರ ಈವ್ ಆನ್‌ಲೈನ್ ಎಂಬ ಆಟದಲ್ಲಿ 2011ರಲ್ಲಿ ಆಟಗಾರರು ಕಂಪನಿಯ ಮೇಲೇ ತಿರುಗಿಬಿದ್ದು ಆಟದೊಳಗಿನ ಪ್ರತಿಮೆಗೆ ಗುಂಡು ಹಾರಿಸಿದ್ದರು. ಕಂಪನಿಯವರು ಆಟಗಾರರು ಆರಿಸಿದ ಪ್ರತಿನಿಧಿಗಳನ್ನು ಕರೆಸಿ ಕೂತು ಮಾತಾಡಿದರು. ಇಲ್ಲಿಯ ಜನ ಇದನ್ನೆಲ್ಲ ಹಗುರವಾಗಿ ನೋಡುವುದಿಲ್ಲ. ಬುದ್ಧಿ ಇರುವವರೇ ಆಡುತ್ತಾರೆ.

ಊರೂ ಒಳ್ಳೆಯದೇ. ಶುಕ್ರವಾರ ಬಂದರೆ ಹೋಟೆಲುಗಳಲ್ಲೆಲ್ಲ ಮೀನು ಕರಿಯುವುದು ಇಲ್ಲಿಯ ಪದ್ಧತಿ. ಆ ವಾಸನೆಗೆ ಕಾರವಾರದ ಕಡೆಯವರಾದರೆ ಖುಷಿಪಡುತ್ತಿದ್ದರು, ನಾನು ಮೂಗು ಮುಚ್ಚಿ ನಡೆಯುತ್ತೇನೆ. ಹೊಸ ಚೀಸಿನ ತುಂಡು ಹಲ್ಲಿಗೆ ಸಿಕ್ಕರೆ ಕೀಚ್ ಕೀಚ್ ಎನ್ನುತ್ತದೆ, ಹಾಗೆ ಸದ್ದು ಮಾಡಿದರೇ ತಾಜಾ ಎಂದು ಲೆಕ್ಕ. ಈ ತಿಂಗಳ ಮೊದಲ ಭಾನುವಾರ ಊರಿಗೆ ಊರೇ ಗಡಿಯಾರವನ್ನು ಒಂದು ತಾಸು ಹಿಂದಕ್ಕೆ ತಿರುಗಿಸಿತು. ಈಗ ನಮಗೂ ನಿಮಗೂ ಹನ್ನೊಂದೂವರೆ ತಾಸಿನ ಅಂತರ. ಫೋನ್ ಮಾಡುವಾಗ ನೋಡಿಕೊಳ್ಳಿ. ಸ್ವೆಟರ್ ಇದೆ, ದಪ್ಪದ ಕೋಟು ಇದೆ, ಹೀಟರ್ ಇದೆ. ಅಪ್ಪೆಮಿಡಿ ಉಪ್ಪಿನಕಾಯಿ ಇನ್ನೂ ಅರ್ಧ ಬಾಟಲಿ ಇದೆ.

ಈಗ ಆಂಜಿಯೋಗ್ರಾಮ್. ಅಪ್ಪಯ್ಯಾ, ಕೇಳು. ಕೊನೆ ಕೊಯ್ಲು ಮುಗಿಯಲು ಸಂಕ್ರಾಂತಿ ಕಳೆಯುತ್ತದೆ. ಆಮೇಲೆ ಸುಲಿಯುವುದು, ಒಣಗಿಸುವುದು ಎನ್ನುತ್ತೀಯ. ಅಷ್ಟರಲ್ಲಿ ಮಾರಿಜಾತ್ರೆ ಬರುತ್ತದೆ. ನಿನ್ನ ದಿನ ಬರುವುದೇ ಇಲ್ಲ. ತೋಟದ ಏರಿ ಹತ್ತುವಾಗ ಎರಡು ಸಲ ನಿಂತುಕೊಂಡೆ ಎಂದು ತಮ್ಮ ಹೇಳಿದ್ದಾನೆ. ಡಾಕ್ಟರು ಸುಮ್ನೆ ಹೇಳಿದ್ದಲ್ಲ. ಸಾಮಾನ್ಯವಾಗಿ ಮಣಿಕಟ್ಟಿನಿಂದಲೋ ತೊಡೆಯ ಮೇಲಿನಿಂದಲೋ ಸಣ್ಣ ನಳಿಕೆ ಹಾಕಿ ಹೃದಯದ ರಕ್ತನಾಳ ನೋಡುತ್ತಾರೆ. ಹೆಚ್ಚಿನವರನ್ನು ಅದೇ ದಿನ ಅಥವಾ ಮರುದಿನ ಮನೆಗೆ ಕಳಿಸುತ್ತಾರೆ. ರಾತ್ರಿ ಹೊತ್ತು ಎದೆನೋವು ಬಂದರೆ ಏನು ಮಾಡುವುದು ಹೇಳು. ನಮ್ಮ ಜಿಲ್ಲೆಗೆ ದೊಡ್ಡ ಆಸ್ಪತ್ರೆ ಬೇಕೆಂದು ಎಷ್ಟು ವರ್ಷದಿಂದ ಜನ ಕೂಗುತ್ತಿದ್ದಾರೆ. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್, ಅದಕ್ಕೂ ಮೊದಲು ನಮ್ಮ ಮನೆಯಿಂದ ಟಾರು ರಸ್ತೆಗೆ ಬರುವುದೇ ಅರ್ಧ ತಾಸು. ಆರಾಮಿದ್ದಾಗ ಹಗಲು ಹೊತ್ತಿನಲ್ಲಿ ಹೋಗಿ ಬರುವುದು ಒಳ್ಳೆಯದಲ್ವಾ?

ಅಡಕೆ ಕೊಯ್ಯುವ ಕೊನೆಗೌಡನ ಹತ್ತಿರ ತಮ್ಮ ಮಾತಾಡಿದ್ದಾನೆ. ನೀನಿಲ್ಲದಿದ್ದರೂ ಎರಡು ದಿನ ಕೊಯ್ಲು ನಡೆಯುತ್ತದೆ. ದುಡ್ಡು ತಮ್ಮನ ಖಾತೆಗೆ ಹಾಕಿದ್ದೇನೆ, ಒಂದು ಲಕ್ಷ. ಅಡಕೆ ಮಾರುವವರೆಗೆ ಕಾಯಬೇಡ. ನನಗೆ ಇದರಿಂದ ಏನೂ ಕಷ್ಟ ಆಗಿಲ್ಲ, ನಿಜವಾಗಿ ಆಗಿಲ್ಲ. ಬೆಳಗಿನ ಮಾತ್ರೆ ಬಿಡಬೇಡ. ಆಯಿ, ಮಾತ್ರೆಯನ್ನು ಕೈಯಲ್ಲೇ ಕೊಟ್ಟು ನುಂಗುವವರೆಗೆ ಅಲ್ಲೇ ನಿಂತಿರು. ಉಪ್ಪಿನಕಾಯಿ, ಹಪ್ಪಳ ಜಾಸ್ತಿ ಬೇಡ.

ನಿನಗೆ ನನ್ನ ಮೇಲೆ ನಂಬಿಕೆ ಬರಲು ಏನು ಬೇಕೋ ಕೇಳು. ಬೇಕಿದ್ದರೆ ವಿಡಿಯೋದಲ್ಲಿ ಆ ರಾಜನ ಪಾತ್ರದವನನ್ನೇ ತೋರಿಸುತ್ತೇನೆ, ಮಗುವನ್ನು ಎತ್ತಿಕೊಂಡು ಮಾತಾಡುತ್ತಾನೆ. ಕೌರವನ ಅರ್ಥ ಹೇಳುವ ಅಪ್ಪಯ್ಯ ಎಂದು ಅವನಿಗೆ ನಿನ್ನ ಬಗ್ಗೆ ಆಗಲೇ ಹೇಳಿದ್ದೇನೆ.

ಮಾರಿಜಾತ್ರೆಗೆ ಬರಲು ರಜೆ ಕೇಳಿದ್ದೇನೆ. ಸಿಕ್ಕುತ್ತದೆ, ಖಂಡಿತ ಸಿಕ್ಕುತ್ತದೆ. ಹುಬ್ಬಳ್ಳಿಯ ದಿನ ಗೊತ್ತಾದ ಕೂಡಲೇ ತಮ್ಮ ಮೆಸೇಜ್ ಮಾಡಲಿ. ನಾನು ಆ ರಾತ್ರಿ ಎದ್ದೇ ಇರುತ್ತೇನೆ.

ಬಸ್ಸಿಗೆ ಹೊತ್ತಾಯಿತು. ಎಲ್ಲರಿಗೂ ನಮಸ್ಕಾರ. ಅಮ್ಮಮ್ಮನ ಕಾಲಿಗೆ ಎಣ್ಣೆ ಹಚ್ಚುತ್ತಿದ್ದೀರಾ? ಗೌರಿ ಕರು ಹಾಕಿದಳಾ, ಬರೆಯಿರಿ. ಅಪ್ಪಯ್ಯಾ, ಇವತ್ತು ರಾತ್ರಿ ಊಟ ಮಾಡು.

ನಿಮ್ಮ ಕೂಸು