ಹಳೆ ಸೂಜಿ ತಂದರೆ ಮಾತ್ರ ಹೊಸದು: ಈ ಆದೇಶ ರದ್ದು ಮಾಡಿ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ. ಮೂರು ಮನವಿ ಕೊಟ್ಟೆವು. ಮೂರಕ್ಕೂ ‘ಪರಿಶೀಲನೆಯಲ್ಲಿದೆ’ ಎಂಬ ಉತ್ತರ ಬಂತು. ಹಾಗಾಗಿ ಈಗ ಎಲ್ಲರ ಎದುರೇ ಕೇಳುತ್ತಿದ್ದೇವೆ: ಮಾದಕವಸ್ತು ಚುಚ್ಚಿಕೊಳ್ಳುವವರಿಗೆ ಸೂಜಿ ಹಂಚುವ ಕೇಂದ್ರಗಳಲ್ಲಿ ಒಂದು ಹಳೆ ಸೂಜಿ ತಂದರೆ ಮಾತ್ರ ಒಂದು ಹೊಸದು ಕೊಡಬೇಕೆಂಬ ಆದೇಶ ರದ್ದು ಮಾಡಿ.

ಬಳಸಿದ ಸಿರಿಂಜ್ ಜೇಬಲ್ಲಿದ್ದರೆ ಪೊಲೀಸರು ಹಿಡಿಯುತ್ತಾರೆ. ಬರಿಗೈಲಿ ಬಂದರೆ ನಿಮ್ಮ ಕೇಂದ್ರದವರು ವಾಪಸ್ ಕಳಿಸುತ್ತಾರೆ. ಆಮೇಲೆ ಆತ ಏನು ಮಾಡಬೇಕೆಂದು ಆದೇಶದಲ್ಲಿಲ್ಲ. ನಾವು ಹೇಳುತ್ತೇವೆ, ಪಕ್ಕದವನು ಚುಚ್ಚಿಕೊಂಡು ಮುಗಿಸಿದ್ದನ್ನೇ ಇಸಕೊಳ್ಳುತ್ತಾನೆ. ಎಚ್‌ಐವಿ ಅಲ್ಲಿಂದ ಹರಡುತ್ತದೆ. ಲಿವರ್ ಕೆಡಿಸುವ ಹೆಪಟೈಟಿಸ್ ಸಿ ಇನ್ನೂ ಸುಲಭವಾಗಿ. ಅದು ಹರಡಲು ಮಾದಕವಸ್ತು ಕರಗಿಸುವ ಮುಚ್ಚಳ, ಸೋಸುವ ಹತ್ತಿ, ಹಂಚಿಕೊಂಡ ನೀರೂ ಸಾಕು.

ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟ ಗುರಿ, ಚುಚ್ಚಿಕೊಳ್ಳುವ ಒಬ್ಬೊಬ್ಬರಿಗೆ ವರ್ಷಕ್ಕೆ 300 ಸೂಜಿ. ದಿನಕ್ಕೆ ಮೂರು ಸಲ ಚುಚ್ಚಿಕೊಳ್ಳುವವರಿಗೆ ಅದು ನೂರೇ ದಿನ. ನಿಮ್ಮ ಲೆಕ್ಕ ಅದರ ಹತ್ತಿರವೂ ಇಲ್ಲ.

ಕಳಿಸಿದ್ದಾದರೂ ಏನು? 5 ಮಿ.ಲೀ. ಸಿರಿಂಜ್, ದಪ್ಪ ಸೂಜಿ ಬೇರೆ. ರಕ್ತನಾಳಕ್ಕೆ ಚುಚ್ಚಲು ಬೇಕಿರುವುದು ಸೂಜಿ ಅಂಟಿಕೊಂಡೇ ಇರುವ 1 ಮಿ.ಲೀ. ಇನ್ಸುಲಿನ್ ಸಿರಿಂಜ್. ಸೂಜಿ ಕಳಚುವ ಸಿರಿಂಜಿನಲ್ಲಿ ದಂಡ ಪೂರ್ತಿ ಒತ್ತಿದರೂ ಮೂತಿಗೂ ಸೂಜಿಯ ಬುಡಕ್ಕೂ ನಡುವೆ ರಕ್ತ ಉಳಿಯುತ್ತದೆ. ಅಂಟಿದ ಸೂಜಿಯದರಲ್ಲಿ ಉಳಿಯುವುದು ತೀರಾ ಕಡಿಮೆ. ಉಳಿದ ರಕ್ತದಲ್ಲಿ ವೈರಸ್ ವಾರಗಟ್ಟಲೆ ಬದುಕಬಲ್ಲದು. ಆ 5 ಮಿ.ಲೀ. ಸಿರಿಂಜಿನ ಪೆಟ್ಟಿಗೆಗಳು ಯಾರೂ ಮುಟ್ಟದೆ ಮೆಟ್ಟಿಲ ಕೆಳಗೆ ಬಿದ್ದಿವೆ. ರಿಜಿಸ್ಟರಿನಲ್ಲಿ ಮಾತ್ರ ‘ಸ್ಟಾಕ್ ಇದೆ’. ಸ್ಟಾಕ್ ಇದೆಯೆಂದು ಹೊಸದು ಬರುವುದಿಲ್ಲ. ಇಂಥ ಲೆಕ್ಕಕ್ಕೆ ಬಹುಮಾನವೇ ಕೊಡಬೇಕು!

ಇದೆಲ್ಲಕ್ಕಿಂತ ಕೆಟ್ಟದ್ದು ನಿಮ್ಮ ಹೊಸ ಸುತ್ತೋಲೆ: ವಾಪಸ್ ಬಂದ ಸೂಜಿಗಳನ್ನು ಒಂದೊಂದಾಗಿ ಎಣಿಸಿ ಬರೆಯಬೇಕಂತೆ. ಬಳಸಿದ ಸೂಜಿಗೆ ಕೈ ಹಾಕಬಾರದು, ಕ್ಯಾಪ್ ಮತ್ತೆ ಹಾಕಬಾರದು, ಬಾಗಿಸಬಾರದು ಎಂಬುದು ಆರೋಗ್ಯ ಇಲಾಖೆಗೆ ನಾವು ಹೇಳಿಕೊಡಬೇಕೆ? ಸೂಜಿ ತೂರದ ಗಟ್ಟಿ ಡಬ್ಬಿ ಕೊಡಿ. ಮುಕ್ಕಾಲು ತುಂಬಿದಾಗ ಮುಚ್ಚಿ, ತೂಗಿ, ಅಂದಾಜು ಬರೆಯುತ್ತೇವೆ. ಎಣಿಸುವಾಗ ಬೆರಳಿಗೆ ಚುಚ್ಚಿದರೆ 72 ಗಂಟೆಯೊಳಗೆ ಎಚ್‌ಐವಿ ತಡೆಯುವ ಮಾತ್ರೆ ಶುರುವಾಗಬೇಕು, 28 ದಿನ ನುಂಗಬೇಕು. ಆ ಮಾತ್ರೆ ಕೇಂದ್ರದಲ್ಲಿಲ್ಲ. ಎಣಿಸುವ ಫಾರಂ ಮಾತ್ರ ಇದೆ.



ಸದ್ಯಕ್ಕೆ ಇಷ್ಟು: ಹಳೆಯದು ಕೇಳದೆ ಹೊಸದು ಕೊಡಿ. ಕೇಳಿದಷ್ಟು ಕೊಡಿ. 1 ಮಿ.ಲೀ. ಕೊಡಿ. ಸೂಜಿ ಹಿಡಿದವರನ್ನು ಕೇಂದ್ರದ ದಾರಿಯಲ್ಲಿ ಹಿಡಿಯದಂತೆ ಪೊಲೀಸ್ ಇಲಾಖೆಗೆ ಲಿಖಿತವಾಗಿ ತಿಳಿಸಿ. ಆದೇಶ ರದ್ದಾದ ದಿನ ಮೆಟ್ಟಿಲ ಕೆಳಗಿನ ಪೆಟ್ಟಿಗೆಗಳನ್ನು ನಾವೇ ಹೊತ್ತು ತಂದು ನಿಮ್ಮ ಕಚೇರಿಗೆ ಒಪ್ಪಿಸುತ್ತೇವೆ.

ಇಂತಿ,
ಸೂಜಿ ಹಂಚುವ ಕಾರ್ಯಕರ್ತರು