ಅಪ್ಪ ಕೇಳಿದ ಮಣ್ಣಿನ ಲೆಕ್ಕ

ಸಕಾಯಿ, ಒಸಾಕಾ
ನವೆಂಬರ್ 9, ಭಾನುವಾರ

ತೀರ್ಥರೂಪ ಅಪ್ಪನಿಗೆ,

ಮಗಳ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ಅಲ್ಲಿ ನೀವು, ಅಮ್ಮ, ತಮ್ಮ ಎಲ್ಲರೂ ಕ್ಷೇಮವೆಂದು ನಂಬಿದ್ದೇನೆ. ವಾರಕ್ಕೆರಡು ಸಲ ವಿಡಿಯೋ ಕಾಲ್ ಮಾಡುವವಳು ಇದೇನು ಕಾಗದ ಬರೆದಳು ಎಂದು ಅಮ್ಮ ಗಾಬರಿಯಾಗುವುದು ಬೇಡ. ಮೊನ್ನೆ ಫೋನಿನಲ್ಲಿ ಆ ಗುಡ್ಡ ತೋರಿಸಿದಾಗ ನೀವು ಕೇಳಿದ್ದು ಒಂದೇ ಮಾತು: "ಅಷ್ಟು ಮಣ್ಣು ಎಲ್ಲಿಂದ ತಂದ್ರು?" ನಾನು ಕೂಗಿ ಕೂಗಿ ಹೇಳಿದ್ದು ಪಕ್ಕದ ಮನೆಯವರಿಗೆ ಕೇಳಿಸಿತೇ ಹೊರತು ನಿಮಗಲ್ಲ. ಕಿವಿಯ ಮೆಷಿನ್ ಇನ್ನೂ ಡಬ್ಬಿಯಲ್ಲೇ ಇದೆ ಅಂತ ತಮ್ಮ ಹೇಳಿದ. ಅದಕ್ಕೇ ಈ ಕಾಗದ. ಅವನೇ ಓದಿ ಹೇಳಲಿ.

ನಿಮ್ಮ ಪ್ರಶ್ನೆಗೆ ಮೊದಲು ಉತ್ತರ ಕೊಟ್ಟುಬಿಡುತ್ತೇನೆ. ಮಣ್ಣಿನಲ್ಲಿ ಬಹಳಷ್ಟು ಅಲ್ಲಿನದೇ. ಸುತ್ತ ಕಂದಕ ತೋಡಿ, ತೋಡಿದ್ದನ್ನು ನಡುವೆ ಒಟ್ಟಿದ್ದಾರೆ. ಕೆರೆ ಅಗೆದ ಮಣ್ಣಿನಲ್ಲೇ ಏರಿ ಹಾಕುವ ನಿಮ್ಮ ಲೆಕ್ಕವೇ. ನೀವು ನಲವತ್ತು ವರ್ಷ ಮಾಡಿದ ಕೆಲಸವನ್ನು ಇವರು ದುಂಡಗೆ ಸುತ್ತಿ ಮಾಡಿದ್ದಾರೆ ಅಷ್ಟೆ.

ಇದರ ಹೆಸರು ದೈಸೆನ್ ಕೊಫುನ್. ಕೊಫುನ್ ಅಂದರೆ ಹಳೆಯ ಗೋರಿದಿಬ್ಬ. ಜಪಾನಿನಲ್ಲಿ ಇಂಥವು ಸುಮಾರು 1 ಲಕ್ಷ 60 ಸಾವಿರ ಇವೆಯಂತೆ, ಬಹುಪಾಲು ಮೂರನೇ ಶತಮಾನದಿಂದ ಏಳನೇ ಶತಮಾನದೊಳಗಿನವು. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನನ್ನ ಬಾಡಿಗೆ ಮನೆಯಿಂದ ಹತ್ತು ನಿಮಿಷದ ನಡಿಗೆಯಲ್ಲಿದೆ. ಬಂದ ಹೊಸದರಲ್ಲಿ ನಾನು ಅದನ್ನು ರಿಸರ್ವ್ ಫಾರೆಸ್ಟ್ ಅಂದುಕೊಂಡಿದ್ದೆ. ಊರ ನಡುವೆ ಒಂದು ಕಾಡು, ಸುತ್ತ ನೀರು, ನೀರಿನಲ್ಲಿ ಬಾತುಕೋಳಿ, ಆಚೆ ಬೇಲಿ. ಬೇಲಿ ಗುಂಟ ನಡೆದರೆ ಒಂದು ಸುತ್ತಿಗೆ ಮೂರು ಕಿಲೋಮೀಟರಿಗೆ ಸ್ವಲ್ಪ ಕಡಿಮೆ. ಮೇಲಿನಿಂದ ನೋಡಿದರೆ ಬೀಗದ ಕೈ ತೂರಿಸುವ ಕಂಡಿಯ ಆಕಾರ, ಹಿಂದೆ ದುಂಡು, ಮುಂದೆ ಅಗಲವಾದ ಚೌಕ. ಅದನ್ನು ನೋಡಲೆಂದೇ ನಗರಸಭೆಯ ಕಟ್ಟಡದ 21ನೇ ಮಹಡಿಗೆ ಹೋದೆ. ಟಿಕೆಟ್ ಇಲ್ಲ, ಆಕಾರವೂ ಕಾಣಲಿಲ್ಲ. ಅಲ್ಲಿಂದಲೂ ಬರೀ ಹಸಿರು ಗುಡ್ಡ.

ಉದ್ದ 486 ಮೀಟರ್ ಅಂತ ಪುಸ್ತಕಗಳಲ್ಲಿದೆ. ಕಂದಕದ ನೀರಿನೊಳಗೆ ಮುಳುಗಿದ ಬುಡವನ್ನೂ ಸೇರಿಸಿ ಅಳೆದು 525 ಅಂತ 2018ರಲ್ಲಿ ಹೇಳಿದರು. ಎತ್ತರ ಸುಮಾರು 35 ಮೀಟರ್. ಮಣ್ಣು ಸುಮಾರು 14 ಲಕ್ಷ ಘನ ಮೀಟರ್. ಒಂದು ಟ್ರ್ಯಾಕ್ಟರ್ ಟ್ರೇಲರಿಗೆ ಮೂರು ಘನ ಮೀಟರ್ ಹಿಡಿದರೂ ನಾಲ್ಕೂವರೆ ಲಕ್ಷ ಲೋಡಿಗೂ ಮೇಲಾಯಿತು. ಇಲ್ಲಿನ ಒಬಾಯಾಶಿ ಎಂಬ ಕಟ್ಟಡ ಕಂಪನಿಯವರು 1985ರಲ್ಲಿ ಇದಕ್ಕೊಂದು ಎಸ್ಟಿಮೇಟ್ ಹಾಕಿದ್ದಾರೆ. ಆ ಕಾಲದ ಸಲಕರಣೆ ಮಾತ್ರ, ಯಂತ್ರ ಇಲ್ಲ, ದಿನಕ್ಕೆ ಎಂಟು ತಾಸು, ತಿಂಗಳಿಗೆ 25 ದಿನ ಕೆಲಸ. ದಿನಕ್ಕೆ ಹೆಚ್ಚೆಂದರೆ ಎರಡು ಸಾವಿರ ಆಳು ಇಟ್ಟರೂ 15 ವರ್ಷ 8 ತಿಂಗಳು ಹಿಡಿಯುತ್ತದೆ, ಒಟ್ಟು 68 ಲಕ್ಷ ಆಳು ಬೀಳುತ್ತದೆ. ಮಳೆಗಾಲದ ರಜೆ ಹಿಡಿದಿದ್ದಾರೋ ಇಲ್ಲವೋ ಅಂತ ನೀವು ಕೇಳುತ್ತೀರಿ, ಗೊತ್ತು.

ಮಣ್ಣು ಜಾರದ ಹಾಗೆ ಮೂರು ಮೆಟ್ಟಿಲು ಮಾಡಿ ಇಳಿಜಾರಿಗೆ ಹೊಳೆಗಲ್ಲು ಹೊದಿಸಿದ್ದಾರೆ. ನಮ್ಮ ಕೆರೆ ಏರಿಯ ಒಳಮೈಗೆ ಕಲ್ಲು ಕಟ್ಟಣೆ ಮಾಡಿದ ಹಾಗೇ. ಈಗ ಅದರ ಮೇಲೆ ಮರ ಬೆಳೆದು ಕಲ್ಲು ಕಾಣುವುದಿಲ್ಲ. ಕಟ್ಟಿದ ಹೊಸದರಲ್ಲಿ ಬೆಳ್ಳಗೆ ಹೊಳೆಯುತ್ತಿತ್ತಂತೆ. ನಾರಾ ಕಡೆ ಹಾಶಿಹಾಕಾ ಅಂತ ಇನ್ನೊಂದು ಹಳೆಯ ದಿಬ್ಬ ಇದೆ. ಅದನ್ನು ಹಗಲು ಮನುಷ್ಯರು, ರಾತ್ರಿ ದೇವರುಗಳು ಕಟ್ಟಿದರು, ಬೆಟ್ಟದಿಂದ ಗೋರಿಯವರೆಗೆ ಜನ ಸಾಲಾಗಿ ನಿಂತು ಕಲ್ಲನ್ನು ಕೈಯಿಂದ ಕೈಗೆ ದಾಟಿಸಿದರು ಅಂತ ಇವರ ಹಳೆಯ ಚರಿತ್ರೆಯ ಗ್ರಂಥದಲ್ಲಿ ಬರೆದಿದೆ. ನನಗೆ ಕಣ್ಣಿಗೆ ಬಂದದ್ದು ನಿಮ್ಮ ಬಾಂಡ್ಲಿ ಸಾಲು. ರಾತ್ರಿ ದೇವರು ಬರುತ್ತಿದ್ದದ್ದು ಮಾತ್ರ ನಮ್ಮ ಕೆಲಸದಲ್ಲಿ ನಾನು ನೋಡಲಿಲ್ಲ.

ದೈಸೆನ್ ಕಟ್ಟಿದ್ದು ಐದನೇ ಶತಮಾನದ ನಡುವೆ. ನಮ್ಮಲ್ಲಿ ಹಲ್ಮಿಡಿ ಶಾಸನದ ಆಸುಪಾಸಿನ ಕಾಲ. ಚಂದ್ರವಳ್ಳಿಯಲ್ಲಿ ಮಯೂರಶರ್ಮ ಕೆರೆ ಕಟ್ಟಿಸಿದೆನೆಂದು ಬಂಡೆಯ ಮೇಲೆ ಕೊರೆಸಿದ್ದು ಇದಕ್ಕೆ ಸುಮಾರು ನೂರು ವರ್ಷ ಮೊದಲು. ನಮ್ಮ ರಾಜ ನೀರಿಗೆ ಮಣ್ಣು ಹೊರಿಸಿದ, ಇವರ ರಾಜ ಗೋರಿಗೆ ಹೊರಿಸಿದ ಅಂತ ಹೇಳಿಬಿಡೋಣ ಅಂದುಕೊಂಡೆ. ಆದರೆ ಈ ಗೋರಿಯ ಕಂದಕದ ನೀರೇ ಮುಂದೆ ಸುತ್ತಲಿನ ಗದ್ದೆಗಳಿಗೆ ಹರಿಯಿತು, ರೈತರು ಅದನ್ನು ಕೆರೆಯ ಹಾಗೇ ಬಳಸಿದರು. ಹಾಗಾಗಿ ಆ ಮಾತು ನಿಲ್ಲುವುದಿಲ್ಲ.

ಒಳಗೆ ಯಾರಿದ್ದಾರೆ? ನಿಂತೊಕು ಎಂಬ ಚಕ್ರವರ್ತಿ ಅಂತ ಸರಕಾರದ ಲೆಕ್ಕ. ಇತಿಹಾಸದವರು ಅಷ್ಟು ಖಚಿತವಾಗಿ ಒಪ್ಪುವುದಿಲ್ಲ, ಅದಕ್ಕೇ ಊರ ಹೆಸರಿನಿಂದ ದೈಸೆನ್ ಅನ್ನುತ್ತಾರೆ. ನಿಂತೊಕುವಿನ ಕಥೆ ಒಂದಿದೆ. ಎತ್ತರದಲ್ಲಿ ನಿಂತು ನೋಡಿದರೆ ಊರಿನ ಒಲೆಗಳಿಂದ ಹೊಗೆ ಏಳುತ್ತಿಲ್ಲ, ಜನ ಉಪವಾಸ ಇದ್ದಾರೆ ಅಂತ ಮೂರು ವರ್ಷ ಕಂದಾಯ ಬಿಟ್ಟನಂತೆ. ಅರಮನೆಯ ಸೂರು ಸೋರಿದರೂ ರಿಪೇರಿ ಮಾಡಿಸಲಿಲ್ಲವಂತೆ. ಅಂಥವನ ಗೋರಿಗೆ 68 ಲಕ್ಷ ಆಳು! ಅಮ್ಮನಾಗಿದ್ದರೆ ಆ ಎರಡು ಸಾವಿರ ಜನಕ್ಕೆ ಬುತ್ತಿ ಕಟ್ಟಿದವರಾರು ಅಂತ ಮೊದಲು ಕೇಳುತ್ತಿದ್ದಳು.

ಅದೇ ರಾಜನ ಕಥೆಯಲ್ಲಿ ನಿಮ್ಮ ಕಸುಬಿಗೆ ಸೇರಿದ್ದು ಇನ್ನೊಂದಿದೆ. ಮಮುತಾ ಎಂಬಲ್ಲಿ ಹೊಳೆಗೆ ಒಡ್ಡು ಹಾಕಿಸುತ್ತಿದ್ದಾಗ ಎರಡು ಕಡೆ ಎಷ್ಟು ಮಣ್ಣು ಹಾಕಿದರೂ ನಿಲ್ಲಲಿಲ್ಲ. ಇಬ್ಬರನ್ನು ಹೊಳೆದೇವರಿಗೆ ಕೊಡಬೇಕೆಂದು ಕನಸಾಯಿತು. ಒಬ್ಬ ಅಳುತ್ತ ನೀರಿಗಿಳಿದ, ಒಡ್ಡು ನಿಂತಿತು. ಎರಡನೆಯವನು ಜಾಣ. ಎರಡು ಸೋರೆಬುರುಡೆ ನೀರಿಗೆಸೆದು, "ದೇವರಿಗೆ ನಾನು ಬೇಕಿದ್ದರೆ ಇವನ್ನು ಮುಳುಗಿಸಲಿ" ಅಂದ. ಸೋರೆಬುರುಡೆ ಮುಳುಗುತ್ತದೆಯೇ? ಸುಂಟರಗಾಳಿ ಎದ್ದು ಎಳೆಯಿತು, ಅವು ತೇಲಿಕೊಂಡೇ ಹೋದವು. ಇವನೂ ಉಳಿದ, ಒಡ್ಡೂ ನಿಂತಿತು. ಕೆರೆಗೆ ಸೊಸೆಯನ್ನು ಕೊಟ್ಟ ಹಾಡನ್ನು ಅಜ್ಜಿ ಹೇಳುವಾಗ ನಾನು ಪ್ರತಿಸಲ ಅಳುತ್ತಿದ್ದೆನಲ್ಲ, ಆ ಸೊಸೆಯ ಕೈಗೂ ಯಾರಾದರೂ ಒಂದು ಸೋರೆಬುರುಡೆ ಕೊಡಬಾರದಿತ್ತೇ ಅನ್ನಿಸಿತು.

ದೈಸೆನ್ ಒಳಗೆ ಯಾರಿಗೂ ಬಿಡುವುದಿಲ್ಲ. ಅರಮನೆಯ ಇಲಾಖೆಯ ಸುಪರ್ದಿನಲ್ಲಿದೆ. ಮುಂದುಗಡೆ ಜಲ್ಲಿ ಹಾಸಿದ ಅಂಗಳದಲ್ಲಿ ನಿಂತು ಕೈಮುಗಿದು ಬರಬೇಕು. 1872ರಲ್ಲಿ ಮುಂಭಾಗದ ಇಳಿಜಾರು ಕುಸಿದು ಒಂದು ಕಲ್ಲಿನ ಶವಪೆಟ್ಟಿಗೆ ಬಾಯ್ದೆರೆಯಿತು. ಪಕ್ಕದಲ್ಲಿ ಚಿನ್ನದ ಮುಲಾಮಿನ ಶಿರಸ್ತ್ರಾಣ, ಕವಚ, ಗಾಜಿನ ಪಾತ್ರೆ ಇದ್ದವಂತೆ. ಚಿತ್ರ ಬರೆದುಕೊಂಡು ಮತ್ತೆ ಮುಚ್ಚಿದರು. 2019ರಲ್ಲಿ ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಈ ಸುತ್ತಿನ 49 ದಿಬ್ಬಗಳು ಸೇರಿದವು. ಬೇಲಿ ಹಾಗೇ ಇದೆ.

ಬೇಲಿಯಿಲ್ಲದ ಕಡೆ ಅಗೆದು ನೋಡಿದ್ದಾರೆ. ತೆನ್ರಿ ಎಂಬ ಊರಿನ ಕುರೊಜುಕಾ ದಿಬ್ಬದಲ್ಲಿ 34 ಕಂಚಿನ ಕನ್ನಡಿ ಸಿಕ್ಕಿವೆ. ಒಂದು ಪೆಟ್ಟಿಗೆಯೊಳಗೆ ತಲೆಯ ಬಳಿ, ಉಳಿದ 33 ಪೆಟ್ಟಿಗೆಯ ಹೊರಗೆ ಸುತ್ತುವರಿದು, ಹೊಳೆಯುವ ಮುಖ ಸತ್ತವನ ಕಡೆಗೆ. ಸತ್ತವನು ಮುಖ ನೋಡಿಕೊಳ್ಳಲೆಂದೋ, ಅವನು ಎದ್ದು ಹೊರಗೆ ಬರದಿರಲೆಂದೋ! ನಾರಾದ ತೊಮಿಯೊ ಮಾರುಯಾಮಾ ದಿಬ್ಬದಲ್ಲಿ ಸಿಕ್ಕ ಹಾವಿನಂತೆ ಬಳುಕಿದ ಕಬ್ಬಿಣದ ಕತ್ತಿಯ ಸುದ್ದಿ 2023ರಲ್ಲಿ ಬಂತು. ಉದ್ದ 2 ಮೀಟರ್ 37 ಸೆಂಟಿಮೀಟರ್. ಅದನ್ನು ಯಾರೂ ಬೀಸಲಾರರು, ಕೆಟ್ಟದ್ದು ಹತ್ತಿರ ಬರದಿರಲೆಂದು ಇಟ್ಟದ್ದಂತೆ. ಅಮ್ಮನಿಗೆ ಹೇಳಿ: ಈ ಗೋರಿಗಳಲ್ಲಿ ಸಿಗುವ ಸಣ್ಣ ಸಣ್ಣ ಗಾಜಿನ ಮಣಿಗಳಲ್ಲಿ ಎಷ್ಟೋ ದಕ್ಷಿಣ ಭಾರತ, ಆಗ್ನೇಯ ಏಷ್ಯಾ ಕಡೆಯ ರೀತಿಯಲ್ಲಿ ಮಾಡಿದವು. ಪುದುಚೇರಿ ಪಕ್ಕದ ಅರಿಕಮೇಡು ಅಂಥ ಮಣಿಗೆ ಹೆಸರಾದ ಊರು. ನಾನು ಬರುವ ಮೊದಲೇ ನಮ್ಮ ಕಡೆಯ ಮಣಿ ಇಲ್ಲಿಗೆ ಬಂದಿತ್ತು.

ಮಣ್ಣಿನ ಗೊಂಬೆಗಳ ವಿಷಯ ಫೋನಿನಲ್ಲಿ ಹೇಳಿದ್ದೆ, ಹನಿವಾ. ಮೆಟ್ಟಿಲ ಅಂಚಿಗೆ ಸಾವಿರಗಟ್ಟಲೆ ಸುಟ್ಟಮಣ್ಣಿನ ಕೊಳವೆ, ಆಮೇಲೆ ಮನೆ, ಕುದುರೆ, ಮನುಷ್ಯರು. ಒಡೆಯನ ಜೊತೆ ಆಳುಗಳನ್ನು ಜೀವಂತ ಹೂಳುವುದು ಬೇಡ, ಗೊಂಬೆ ಇಡೋಣ ಅಂತ ನೊಮಿ ನೊ ಸುಕುನೆ ಎಂಬವನು ಹೇಳಿಕೊಟ್ಟ ಅಂತ ಕಥೆ. ಅಗೆದವರ ಪ್ರಕಾರ ಮೊದಲು ಬಂದದ್ದು ಕೊಳವೆಗಳೇ, ಮನುಷ್ಯರ ಗೊಂಬೆ ಬಹಳ ತಡವಾಗಿ. ಕಥೆ ಚೆನ್ನಾಗಿದೆ, ಅಷ್ಟೆ.

ನಾನು ಹೆಚ್ಚು ಹೊತ್ತು ನಿಂತದ್ದು ಇನ್ನೊಂದರ ಮುಂದೆ. ಫುಜಿಇದೆರಾ ಎಂಬ ಊರಿನಲ್ಲಿ 1978ರಲ್ಲಿ ಮಿತ್ಸುಜುಕಾ ದಿಬ್ಬಗಳ ಕಂದಕದ ಕೆಸರಿನಿಂದ ಒಂದು ಮರದ ಬಂಡಿ ತೆಗೆದರು. ಚಕ್ರ ಇಲ್ಲ. ಕವಲೊಡೆದ ಒಂದೇ ದೊಡ್ಡ ಮರವನ್ನು ಕೆತ್ತಿ ಮಾಡಿದ್ದು, 8.8 ಮೀಟರ್ ಉದ್ದ. ಮೇಲೆ ಬಂಡೆ ಹೇರಿ ಹಗ್ಗ ಕಟ್ಟಿ ಎಳೆಯುವುದು. ಜೊತೆಗೇ ಒಂದು ಚಿಕ್ಕ ಬಂಡಿ, ಒಂದು ಮೀಟುಗೋಲು ಕೂಡ ಸಿಕ್ಕಿತು. ದೊಡ್ಡದು ಚಿಕಾತ್ಸು ಆಸುಕಾ ಮ್ಯೂಸಿಯಮ್ಮಿನಲ್ಲಿದೆ. ಅದರ ಹೆಸರು ಶುರಾ. ಎಲ್ಲೋ ಕೇಳಿದ ಹಾಗಿದೆಯಲ್ಲ? ನಮ್ಮ ಅಸುರನೇ! ಇವರ ಭಾಷೆಯಲ್ಲಿ ಇಂದ್ರನಿಗೆ ತೈಶಾಕು ಅನ್ನುತ್ತಾರೆ, ದೊಡ್ಡ ಕಲ್ಲು ಎಂಬುದನ್ನೂ ಹಾಗೇ ಉಚ್ಚರಿಸಬಹುದು. ಇಂದ್ರನನ್ನು ಅಲುಗಿಸಿದವನು ಅಸುರ, ದೊಡ್ಡ ಕಲ್ಲನ್ನು ಅಲುಗಿಸುವುದು ಶುರಾ. ಬೌದ್ಧರ ಜೊತೆ ಬಂದ ನಮ್ಮ ದೇವಾಸುರರ ಜಗಳ ಕೊನೆಗೆ ಇಲ್ಲಿ ಕಲ್ಲು ಹೊರುವ ಬಂಡಿಯಾಗಿ ನಿಂತಿದೆ. ಫೋಟೋ ತಮ್ಮನ ಫೋನಿಗೆ ಕಳಿಸಿದ್ದೇನೆ, ನೋಡಿ.

ಅದೇ ಫುಜಿಇದೆರಾದ ಆರಿಯಾಮಾ ಎಂಬ ದಿಬ್ಬದಲ್ಲಿ ಒಂದು ಮರದ ಪೆಟ್ಟಿಗೆಯ ತುಂಬ ಕಬ್ಬಿಣದ ಸಾಮಾನು ಸಿಕ್ಕಿತು. ಎರಡು ಸಾವಿರಕ್ಕೂ ಮಿಕ್ಕಿ. ಕತ್ತಿ, ಬಾಣದ ಮೊನೆಗಳ ಜೊತೆ ಕುಡುಗೋಲು, ಕೊಡಲಿ, ಮರದ ಗುದ್ದಲಿಯ ಬಾಯಿಗೆ ತೊಡಿಸುವ ಕಬ್ಬಿಣದ ಅಂಚು. ಆ ಪೆಟ್ಟಿಗೆಯಲ್ಲಿ ಮನುಷ್ಯ ಇರಲಿಲ್ಲ, ಬರೀ ಸಾಮಾನು. ಆ ಕಾಲದಲ್ಲಿ ಇವರಿಗೆ ಕಬ್ಬಿಣದ ಗಟ್ಟಿ ಕೊರಿಯಾ ಕಡೆಯಿಂದ ಹಡಗಿನಲ್ಲಿ ಬರಬೇಕಿತ್ತು. ಅಂಥ ಕಬ್ಬಿಣವನ್ನು ಮಣ್ಣಿಗೆ ಹಾಕಿದ್ದಾರೆ.

ಅಜ್ಜನ ಮಣ್ಣಿನ ದಿನ ನೆನಪಾಯಿತು. ಅಜ್ಜಿ ಎಲೆಅಡಿಕೆ ಸಂಚಿಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಬಂದು ಮೆಲ್ಲಗೆ ಇಟ್ಟಳು. ಯಾರೂ ಬೇಡವೆನ್ನಲಿಲ್ಲ. ನೀವು ಅಜ್ಜನ ಗುದ್ದಲಿ ಇಡಲು ಹೋದಾಗ ಚಿಕ್ಕಪ್ಪ ಕೈ ಹಿಡಿದರು: "ಬಲೇ ಕಬ್ಬಿಣ ಕಣಣ್ಣ, ಮಣ್ಣಾಗ್ ಯಾಕ್ ಹಾಕ್ತೀಯ." ನೀವು ಮಾತಾಡಲಿಲ್ಲ. ಮೊದಲ ಹಿಡಿ ಮಣ್ಣು ಅದೇ ಗುದ್ದಲಿಯಿಂದ ಎಳೆದಿರಿ. ಅವತ್ತು ನನಗೆ ಚಿಕ್ಕಪ್ಪನ ಮೇಲೆ ಸಿಟ್ಟು ಬಂದಿತ್ತು. ಆರಿಯಾಮಾದ ತುಕ್ಕು ಹಿಡಿದ ರಾಶಿಯ ಚಿತ್ರ ನೋಡಿದ ಮೇಲೆ ಚಿಕ್ಕಪ್ಪ ಹೇಳಿದ್ದೇ ಸರಿ ಅನ್ನಿಸುತ್ತಿದೆ.

ಸಕಾಯಿಯ ಚಾಕು ಈ ದೇಶಕ್ಕೆಲ್ಲ ಹೆಸರು. ಅಮ್ಮನಿಗೊಂದು ತರೋಣ ಅಂತ ಅಂಗಡಿಗೆ ಹೋಗಿ, ಈಳಿಗೆಮಣೆ ಬಿಟ್ಟು ಅವಳು ಇನ್ನೊಂದನ್ನು ಮುಟ್ಟುವವಳಲ್ಲ ಅಂತ ವಾಪಸು ಬಂದೆ. ಸಂಕ್ರಾಂತಿಗೆ ರಜೆ ಸಿಗುವುದು ಕಷ್ಟ, ಯುಗಾದಿಗೆ ನೋಡುತ್ತೇನೆ.

ಕೆರೆ ಕೋಡಿ ಬಿತ್ತು ಅಂತ ತಮ್ಮ ವಿಡಿಯೋ ಕಳಿಸಿದ್ದ. ತೂಬಿನ ಬಲಗಡೆ ಏರಿಯ ಮೇಲೆ ಒದ್ದೆ ಕಂಡ ಹಾಗಾಯಿತು, ನೀವು ಒಮ್ಮೆ ನೋಡಿ ಬನ್ನಿ. ನೀವು ಹತ್ತಬೇಡಿ, ಮೊಣಕಾಲು ನೋವು, ತಮ್ಮನನ್ನು ಹತ್ತಿಸಿ. ಅಜ್ಜನ ಗುದ್ದಲಿಯ ಕಾವು ಮುರಿದಿದೆ ಅಂದಿದ್ದಿರಿ. ಹೊಸ ಕಾವು ಹಾಕಿಸಿದಿರಾ?

ನಿಮ್ಮ ಮಗಳು