ಭಾನುವಾರದ ಕ್ಲಾಸ್: ಮೂರರಲ್ಲಿ ಎರಡು

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 10ಕ್ಕೆ ಹಾಸನದ ನಮ್ಮ ಮನೆ ಮಹಡಿಯಲ್ಲೇ ಸೇರೋಣ. ಮಹಾರಾಜ ಪಾರ್ಕ್ ಹತ್ತಿರ ಬಂದು ಫೋನ್ ಮಾಡಿ.

ಈ ಸಲದ ವಿಷಯ ಅಣು ಸ್ಥಾವರದ ಕಂಟ್ರೋಲ್ ವ್ಯವಸ್ಥೆ. ಕೈಗಾದ 1ನೇ ಘಟಕ 2018ರ ಕೊನೆಯವರೆಗೆ 962 ದಿನ ಒಂದೇ ಸಮನೆ ಓಡಿತು. ಸುಳ್ಳು ಅಲಾರಂಗೆಲ್ಲಾ ನಿಲ್ಲುವ ಯಂತ್ರ ಅಷ್ಟು ದಿನ ಓಡುತ್ತದಾ? ಅಲ್ಲಿ ಒಂದೇ ಅಳತೆಗೆ ಮೂರು ಬೇರೆ ಬೇರೆ ಚಾನೆಲ್, ಅಂದರೆ ತನ್ನದೇ ಸೆನ್ಸರ್ ಮತ್ತು ವೈರಿಂಗ್ ಇರುವ ಸಾಲು, ಇರುತ್ತವೆ. ಎರಡು 'ಅಪಾಯ' ಅಂದರೆ ಮಾತ್ರ ರಿಯಾಕ್ಟರ್ ನಿಲ್ಲುತ್ತದೆ. ಒಂದು ಕೆಟ್ಟರೂ ಸುಮ್ನೆ ನಿಲ್ಲಲ್ಲ, ನಿಲ್ಲಬೇಕಾದಾಗ ತಪ್ಪಿಸಿಕೊಳ್ಳಲ್ಲ. ನನಗೆ ಜಾಸ್ತಿ ಇಷ್ಟವಾಗುವುದು ರಿಯಾಕ್ಟರ್ ಒಳಗೆ ಇಳಿದು ಅದನ್ನು ನಿಲ್ಲಿಸುವ ಕಡ್ಡಿಗಳ ಏರ್ಪಾಡು. ವಿದ್ಯುತ್ ಕಾಂತದ ಕ್ಲಚ್ ಅವನ್ನು ಮೇಲೆ ಹಿಡಿದಿರುತ್ತದೆ. ಕರೆಂಟ್ ಹೋದರೆ ತಮ್ಮ ಭಾರಕ್ಕೇ ಕೆಳಗೆ ಬೀಳುತ್ತವೆ.

ಹೋದ ವರ್ಷ ನಮ್ಮ ಕಾಫಿ ಡ್ರೈಯರ್‌ನಲ್ಲಿದ್ದದ್ದು ಒಂದೇ ಸೆನ್ಸರ್. ಅದು ಕೈಕೊಟ್ಟು ಒಂದು ಲಾಟ್ ಪೂರ್ತಿ ಕರಕಲಾಯಿತು. ಆ ವಾಸನೆ ಇನ್ನೂ ಮರೆತಿಲ್ಲ.

ಅದಕ್ಕೇ ಬಿಸಿನೀರಿನ ಪಾತ್ರೆಗೆ ಮೂರು ಸೆನ್ಸರ್ ಇಳಿಬಿಟ್ಟು, ಒಂದರ ವೈರ್ ಕಿತ್ತು ತೋರಿಸುತ್ತೇನೆ. ರಿಲೇ (ಕರೆಂಟ್‌ನಿಂದ ಓಡುವ ಸ್ವಿಚ್) ಟಕ್ ಅನ್ನುವುದನ್ನು ನೀವೇ ಕೇಳಿ. ಮಲ್ಟಿಮೀಟರ್ ಇದ್ದವರು ತನ್ನಿ, ನನ್ನ ಹತ್ತಿರ ಒಂದೇ ಇದೆ. ಬರುವವರು ಶುಕ್ರವಾರದೊಳಗೆ ಇಲ್ಲೇ ಹೇಳಿ, ತಿಂಡಿಗೆ ಅಂದಾಜು ಬೇಕು.